ಹ್ಯಾಡಿಕ್ಸ್ ಸೋತ ಆ ರಾತ್ರಿ: 1959ರ ಮಿಲ್ವಾಕಿ–ಪಿಟ್ಸ್‌ಬರ್ಗ್ ಬೇಸ್‌ಬಾಲ್ ಪಂದ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಬಾಲ್ ಮಾತು ಬಂದಾಗಲೆಲ್ಲ ನಾನು ಹೇಳುವುದು ಒಂದೇ ಪಂದ್ಯದ ಕಥೆ. ಕೇಳಿದವರು ಸುಮ್ಮನೆ ತಲೆಯಾಡಿಸಿ ಹೋಗುವುದಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಾರೆ. ಕೆಲವರು ಆಮೇಲೆ ಪತ್ರದಲ್ಲೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಆಟವೇ ಗೊತ್ತಿಲ್ಲದವರು ಮೊದಲಿನಿಂದ ಓದಿ. ಗೊತ್ತಿರುವವರು ನೇರವಾಗಿ ಸ್ಕೋರಿನ ಜಗಳಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಯಾವ ಪಂದ್ಯ ಅದು? ಕೊನೆಗೆ ಗೆದ್ದವರು ಯಾರು?

1959ರ ಮೇ 26, ಮಂಗಳವಾರ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಊರು, ಕೌಂಟಿ ಸ್ಟೇಡಿಯಂ. ಊರಿನ ತಂಡ ಮಿಲ್ವಾಕಿ ಬ್ರೇವ್ಸ್, ಎದುರಿಗೆ ಪಿಟ್ಸ್‌ಬರ್ಗ್ ಪೈರೇಟ್ಸ್. ನೋಡಲು ಬಂದವರು 19,194 ಜನ. 13 ಇನಿಂಗ್ಸ್ ಆದ ಮೇಲೆ ಬ್ರೇವ್ಸ್ 1-0 ಅಂತರದಲ್ಲಿ ಗೆದ್ದಿತು.

ಪೈರೇಟ್ಸ್ ಪರವಾಗಿ ಚೆಂಡೆಸೆದವರು ಎಡಗೈ ಪಿಚರ್ ಹಾರ್ವಿ ಹ್ಯಾಡಿಕ್ಸ್. ಮೊದಲ 12 ಇನಿಂಗ್ಸ್‌ನಲ್ಲಿ ಎದುರಿಗೆ ಬಂದ 36 ಬ್ಯಾಟರ್‌ಗಳನ್ನೂ ಅವರು ಸಾಲಾಗಿ ಔಟ್ ಮಾಡಿದರು. ಒಬ್ಬರಿಗೂ ಮೊದಲ ಬೇಸ್ ಮುಟ್ಟಲು ಆಗಲಿಲ್ಲ. ಒಂದೇ ಪಂದ್ಯದಲ್ಲಿ ಅಷ್ಟು ದೂರ ಹಾಗೆ ಹೋದವರು ಅವರಿಗಿಂತ ಮೊದಲೂ ಇಲ್ಲ, ಆಮೇಲೂ ಇಲ್ಲ. ಆದರೂ ಆ ದಿನದ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಬರೆದದ್ದು ಸೋಲು.

ನನಗೆ ಕ್ರಿಕೆಟ್ ಬಿಟ್ಟರೆ ಏನೂ ಗೊತ್ತಿಲ್ಲ. ಇದರಲ್ಲಿ ಅಂಥಾ ದೊಡ್ಡದೇನಿದೆ ಅಂತ ಅರ್ಥ ಮಾಡಿಸ್ತೀರಾ?

ಖಂಡಿತ. ಬೇಸ್‌ಬಾಲ್‌ನಲ್ಲಿ ಮೂರು ಔಟ್ ಆದರೆ ಒಂದು ತಂಡದ ಸರದಿ ಮುಗಿಯುತ್ತದೆ, ಇನ್ನೊಂದು ತಂಡ ಬ್ಯಾಟ್ ಹಿಡಿಯುತ್ತದೆ. ಇಬ್ಬರೂ ಒಂದೊಂದು ಸರದಿ ಆಡಿದರೆ ಒಂದು ಇನಿಂಗ್ಸ್. ಪಂದ್ಯಕ್ಕೆ 9 ಇನಿಂಗ್ಸ್, ಅಂದರೆ ಒಂದು ತಂಡಕ್ಕೆ 27 ಔಟ್. ಔಟಾದವರು ಮನೆಗೆ ಹೋಗುವುದಿಲ್ಲ, ಸರದಿ ಬಂದಾಗ ಮತ್ತೆ ಬರುತ್ತಾರೆ.

ಬ್ಯಾಟರ್ ಮೊದಲ, ಎರಡನೇ, ಮೂರನೇ ಬೇಸ್ ಸುತ್ತಿ ಬ್ಯಾಟ್ ಮಾಡಿದ ಜಾಗಕ್ಕೆ, ಅಂದರೆ ಮನೆ ಬೇಸ್‌ಗೆ, ವಾಪಸ್ ಬಂದರೆ ಒಂದು ರನ್. ಮೊದಲ ಬೇಸ್ ಮುಟ್ಟಲು ಬ್ಯಾಟರ್‌ಗೆ ದಾರಿ ಬೇಕಾದಷ್ಟಿದೆ. ಚೆಂಡನ್ನು ಚೆನ್ನಾಗಿ ಹೊಡೆದು ಓಡಬಹುದು, ಅದು ಹಿಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಪುಕ್ಕಟೆಯಾಗಿ ನಡೆದು ಹೋಗಬಹುದು, ಅದು ವಾಕ್. ಚೆಂಡು ಮೈಗೆ ಬಡಿದರೂ ಬೇಸ್ ಸಿಗುತ್ತದೆ. ಫೀಲ್ಡರ್ ಕೈ ತಪ್ಪಿದರೂ ಸಿಗುತ್ತದೆ, ಅದನ್ನು ಎರರ್ ಅಂತ ಬರೆದುಕೊಳ್ಳುತ್ತಾರೆ. ಯಾವ ದಾರಿಯಲ್ಲೂ ಒಬ್ಬರೂ ಬೇಸ್ ತಲುಪದೆ ಪಂದ್ಯ ಮುಗಿದರೆ ಅದು ಪರ್ಫೆಕ್ಟ್ ಗೇಮ್. ಹಿಟ್ ಒಂದು ಬಿಟ್ಟು ಬೇರೆ ದಾರಿಯಲ್ಲಿ ಯಾರಾದರೂ ತಲುಪಿದ್ದರೆ ನೋ-ಹಿಟ್ಟರ್.

ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಲಕ್ಷಗಟ್ಟಲೆ ಪಂದ್ಯ ನಡೆದಿವೆ. 2023ರ ಕೊನೆಯವರೆಗೆ ಅದರಲ್ಲಿ ಪರ್ಫೆಕ್ಟ್ ಗೇಮ್ 24 ಮಾತ್ರ. ಹ್ಯಾಡಿಕ್ಸ್ ಆ ರಾತ್ರಿ ಮೈದಾನಕ್ಕೆ ಇಳಿದಾಗ 6 ಇದ್ದವು. ಈ ಎರಡು ತಂಡಗಳು ಆಡುತ್ತಿದ್ದ ನ್ಯಾಷನಲ್ ಲೀಗ್‌ನಲ್ಲಂತೂ 1880ರ ನಂತರ ಒಂದೂ ಆಗಿರಲಿಲ್ಲ. ಅವರು 27 ಜನರನ್ನು ಔಟ್ ಮಾಡಿ, ಅದರ ಮೇಲೆ ಇನ್ನೂ 9 ಜನರನ್ನು ಔಟ್ ಮಾಡಿದರು.

ಹಾಗಾದರೆ 9 ಇನಿಂಗ್ಸ್‌ಗೇ ಪಂದ್ಯ ಮುಗೀಬೇಕಿತ್ತಲ್ಲ? ಮುಂದುವರಿಸಿದ್ದು ಯಾಕೆ?

ಯಾಕೆಂದರೆ ಹ್ಯಾಡಿಕ್ಸ್ ತಂಡವೂ ರನ್ ಗಳಿಸಿರಲಿಲ್ಲ. 0-0. ಬೇಸ್‌ಬಾಲ್‌ನಲ್ಲಿ ಸಮ ಆದರೆ ಇನಿಂಗ್ಸ್ ಮೇಲೆ ಇನಿಂಗ್ಸ್ ಆಡುತ್ತಾ ಹೋಗುತ್ತಾರೆ. ಯಾವುದಾದರೂ ಇನಿಂಗ್ಸ್ ಮುಗಿದಾಗ ಒಬ್ಬರು ಮುಂದೆ ಇರಬೇಕು. ಊರಿನ ತಂಡ ಎರಡನೆಯದಾಗಿ ಬ್ಯಾಟ್ ಮಾಡುವುದರಿಂದ ಅವರು ಒಂದು ರನ್ ಮುಂದೆ ಹೋದ ತಕ್ಷಣ ಆಟ ಮುಗಿಯುತ್ತದೆ. ಈ ಕೊನೆಯ ನಿಯಮ ನೆನಪಿಟ್ಟುಕೊಳ್ಳಿ. ಮುಂದೆ ಸ್ಕೋರಿನ ಜಗಳ ನಿಂತಿರುವುದೇ ಇದರ ಮೇಲೆ.

ಈ ಹ್ಯಾಡಿಕ್ಸ್ ಯಾರು? ಹೆಸರೇ ಕೇಳಿಲ್ಲ.

1925ರಲ್ಲಿ ಒಹಾಯೋ ರಾಜ್ಯದ ಮೆಡ್ವೇ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಪಿಚರ್‌ಗಳ ಮಟ್ಟಿಗೆ ಕುಳ್ಳು, 5 ಅಡಿ 9 ಇಂಚು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ ಆಟ ಶುರು ಮಾಡಿದಾಗ ಅಲ್ಲಿ ಹ್ಯಾರಿ ಬ್ರೆಚೀನ್ ಎಂಬ ಹಿರಿಯ ಎಡಗೈ ಪಿಚರ್ ಇದ್ದರು. ಅವರನ್ನು ಎಲ್ಲರೂ 'ಬೆಕ್ಕು' ಅಂತ ಕರೆಯುತ್ತಿದ್ದರು. ಹ್ಯಾಡಿಕ್ಸ್ ಅವರ ಥರವೇ ಕಾಣುತ್ತಿದ್ದರು, ಹಾಗಾಗಿ ಇವರು 'ಬೆಕ್ಕಿನ ಮರಿ' ಆದರು. ಹೆಸರು ಕೊನೆಯವರೆಗೂ ಉಳಿಯಿತು.

1953ರಲ್ಲಿ 20 ಪಂದ್ಯ ಗೆದ್ದು ದೊಡ್ಡ ಹೆಸರು ಮಾಡಿದ್ದರು. ಅದಾದ ಮೇಲೆ ತಂಡದಿಂದ ತಂಡಕ್ಕೆ ಓಡಾಟ. 1959ರ ಜನವರಿಯಲ್ಲಿ ಸಿನ್ಸಿನಾಟಿಯಿಂದ ಪಿಟ್ಸ್‌ಬರ್ಗ್‌ಗೆ ಬಂದರು. ಅದೇ ಒಪ್ಪಂದದಲ್ಲಿ ಅವರ ಜೊತೆ ಇನ್ನಿಬ್ಬರು ಬಂದಿದ್ದರು: ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಸ್ಮೋಕಿ ಬರ್ಗೆಸ್, ಮೂರನೇ ಬೇಸ್‌ನ ಡಾನ್ ಹೋಕ್. ಈ ಇಬ್ಬರ ಹೆಸರೂ ಆ ರಾತ್ರಿಯ ಕಥೆಯಲ್ಲಿ ಮತ್ತೆ ಬರುತ್ತದೆ.

ಪಂದ್ಯದ ದಿನ ಹ್ಯಾಡಿಕ್ಸ್‌ಗೆ ಹುಷಾರಿರಲಿಲ್ಲ. ಫ್ಲೂ ಹಿಡಿದಿತ್ತು. ವಯಸ್ಸು 33.

## ಪಂದ್ಯದ ಒಳಗೆ

ಎದುರಿಗಿದ್ದ ತಂಡ ಸಪ್ಪೆ ಇತ್ತೇನೋ?

ಇಲ್ಲ, ಇಲ್ಲವೇ ಇಲ್ಲ. ಬ್ರೇವ್ಸ್ 1957 ಮತ್ತು 1958ರಲ್ಲಿ ನ್ಯಾಷನಲ್ ಲೀಗ್ ಗೆದ್ದಿತ್ತು, 1957ರಲ್ಲಿ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಕೂಡ. ಬ್ಯಾಟಿಂಗ್ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಎಡ್ಡಿ ಮ್ಯಾಥ್ಯೂಸ್, ಹ್ಯಾಂಕ್ ಆರನ್, ಜೋ ಆಡ್‌ಕಾಕ್. ಆ ವರ್ಷ ಲೀಗ್‌ನಲ್ಲಿ ಜಾಸ್ತಿ ಹೋಮ್ ರನ್ (ಬೇಲಿಯಾಚೆ ಹೋಗುವ ಹೊಡೆತ) ಹೊಡೆದವರು ಮ್ಯಾಥ್ಯೂಸ್, 46. ಜಾಸ್ತಿ ಬ್ಯಾಟಿಂಗ್ ಸರಾಸರಿ ಆರನ್ ಅವರದು, .355, ಅಂದರೆ ಸಾವಿರ ಅವಕಾಶಕ್ಕೆ 355 ಹಿಟ್‌ನ ಲೆಕ್ಕ. ಆಡ್‌ಕಾಕ್ 1954ರಲ್ಲಿ ಒಂದೇ ಪಂದ್ಯದಲ್ಲಿ 4 ಹೋಮ್ ರನ್ ಹೊಡೆದ ಮನುಷ್ಯ. ಈ ಸಾಲನ್ನು ಹ್ಯಾಡಿಕ್ಸ್ ನಾಲ್ಕು ಸುತ್ತು ಪೂರ್ತಿ ಖಾಲಿ ಕೈಯಲ್ಲಿ ಕಳಿಸಿದರು.

ಪೈರೇಟ್ಸ್ ಕಡೆಯೇ ಆ ದಿನ ಬಡವಾಗಿತ್ತು. ರಾಬರ್ಟೊ ಕ್ಲೆಮೆಂಟೆ ಗಾಯದಿಂದ ಹೊರಗಿದ್ದರು. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಡಿಕ್ ಗ್ರೋಟ್ ಕೂಡ ಆಡಲಿಲ್ಲ.

ಪಿಟ್ಸ್‌ಬರ್ಗ್ 12 ಹಿಟ್ ಹೊಡೆದೂ ಒಂದು ರನ್ ಗಳಿಸಲಿಲ್ಲ ಅಂದರೆ ಹೇಗೆ?

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಹ್ಯಾಡಿಕ್ಸ್‌ಗೆ ಬೇಕಿದ್ದದ್ದು ಒಂದೇ ಒಂದು ರನ್. ತಂಡ 12 ಹಿಟ್ ಹೊಡೆಯಿತು, ಎಲ್ಲಾ ಸಿಂಗಲ್, ಅಂದರೆ ಮೊದಲ ಬೇಸ್‌ವರೆಗೆ ಮಾತ್ರ ಮುಟ್ಟಿಸುವ ಹಿಟ್. ಬ್ರೇವ್ಸ್ ಪಿಚರ್ ಲೂ ಬರ್ಡೆಟ್ ಒಂದೂ ವಾಕ್ ಕೊಡಲಿಲ್ಲ. ಒಬ್ಬ ಬ್ಯಾಟರ್ ಬೇಸ್ ಮೇಲೆ ನಿಂತ ಕೂಡಲೇ ಮುಂದಿನ ಚೆಂಡು ನೆಲಕ್ಕೆ ಉರುಳುವಂತೆ ಎಸೆದು ಇಬ್ಬರನ್ನೂ ಒಟ್ಟಿಗೆ ಔಟ್ ಮಾಡಿಸುತ್ತಿದ್ದರು. ಅದು ಡಬಲ್ ಪ್ಲೇ. ಹಾಗೆ ಮೂರು ಸಲ ಆಯಿತು.

ಮೂರನೇ ಇನಿಂಗ್ಸ್ ಒಂದನ್ನು ನೋಡಿ. ರೋಮನ್ ಮೆಹಿಯಾಸ್ ಮೊದಲ ಬೇಸ್‌ನಲ್ಲಿದ್ದರು. ಹ್ಯಾಡಿಕ್ಸ್ ತಾವೇ ಬ್ಯಾಟ್ ಹಿಡಿದು ಬಂದರು. ಆಗ ಪಿಚರ್‌ಗಳೂ ಬ್ಯಾಟ್ ಮಾಡಬೇಕಿತ್ತು. ಅವರು ಹೊಡೆದ ಚೆಂಡು ಬರ್ಡೆಟ್‌ಗೆ ಬಡಿದು ಪಕ್ಕಕ್ಕೆ ಹಾರಿತು. ಮೆಹಿಯಾಸ್ ಎರಡನೇ ಬೇಸ್‌ನಲ್ಲಿ ನಿಲ್ಲದೆ ಮೂರನೆಯದಕ್ಕೆ ನುಗ್ಗಿದರು, ಔಟಾದರು. ಮುಂದಿನ ಬ್ಯಾಟರ್ ಡಿಕ್ ಸ್ಕೋಫೀಲ್ಡ್ ಇನ್ನೊಂದು ಸಿಂಗಲ್ ಹೊಡೆದರು! ಮೆಹಿಯಾಸ್ ಎರಡನೇ ಬೇಸ್‌ನಲ್ಲೇ ನಿಂತಿದ್ದರೆ ಆ ಹೊಡೆತಕ್ಕೆ ರನ್ ಬರುವ ಸಾಧ್ಯತೆ ದೊಡ್ಡದಿತ್ತು. ಆ ಇನಿಂಗ್ಸ್‌ನಲ್ಲಿ ಒಟ್ಟು ಮೂರು ಸಿಂಗಲ್, ಸೊನ್ನೆ ರನ್. 13ನೇ ಇನಿಂಗ್ಸ್‌ನ ಎರರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಪಂದ್ಯ ಕೈತಪ್ಪಿದ್ದು ಈ ಮೂರನೇ ಇನಿಂಗ್ಸ್‌ನಲ್ಲಿ ಅನಿಸುತ್ತದೆ.

ಪರ್ಫೆಕ್ಟ್ ಗೇಮ್ ನಡೀತಿದೆ ಅಂತ ಹ್ಯಾಡಿಕ್ಸ್‌ಗೆ ಗೊತ್ತಿತ್ತಾ?

ಹಿಟ್ ಕೊಟ್ಟಿಲ್ಲ ಅಂತ ಗೊತ್ತಿತ್ತು. ಸ್ಕೋರ್‌ಬೋರ್ಡ್‌ನಲ್ಲಿ ಬ್ರೇವ್ಸ್ ಹಿಟ್ ಲೆಕ್ಕ ಸೊನ್ನೆ ಅಂತ ಕಾಣುತ್ತಿತ್ತಲ್ಲ. ಆದರೆ ಮಧ್ಯೆ ಎಲ್ಲೋ ಒಬ್ಬರಿಗೆ ವಾಕ್ ಕೊಟ್ಟಿರಬಹುದು ಅಂತ ಅವರು ಅಂದುಕೊಂಡಿದ್ದರು. ತಂಡದವರು ಯಾರೂ ಹೇಳುವ ಹಾಗಿಲ್ಲ. ಪಿಚರ್ ಹೀಗೆ ಸಾಗುತ್ತಿರುವಾಗ ಅದರ ಮಾತೆತ್ತಿದರೆ ದೃಷ್ಟಿ ಬೀಳುತ್ತದೆ ಅಂತ ಬೇಸ್‌ಬಾಲ್‌ನವರ ಹಳೇ ನಂಬಿಕೆ. ನಮ್ಮಲ್ಲಿ ಶತಕದ ಹತ್ತಿರ ಇರುವ ಬ್ಯಾಟ್ಸ್‌ಮನ್ ಬಗ್ಗೆ ಮನೆಯಲ್ಲಿ ಟಿವಿ ಮುಂದೆ ಕೂತವರು ಬಾಯಿ ಮುಚ್ಚಿಸುವುದಿಲ್ಲವೇ, ಹಾಗೆ.

13ನೇ ಇನಿಂಗ್ಸ್‌ನಲ್ಲಿ ಏನಾಯ್ತು? ಒಂದೊಂದಾಗಿ ಹೇಳಿ.

ಬ್ರೇವ್ಸ್ ಸರದಿ. ಮೊದಲು ಬಂದವರು ಫೆಲಿಕ್ಸ್ ಮಾಂಟಿಯಾ. ಇವರು ಶುರುವಿನಿಂದ ಆಡಿದವರಲ್ಲ, ಪಂದ್ಯ ಉದ್ದವಾದ ಮೇಲೆ ಬದಲಿಯಾಗಿ ಬಂದವರು. ಚೆಂಡು ಮೂರನೇ ಬೇಸ್ ಕಡೆ ನೆಲದ ಮೇಲೆ ಉರುಳಿತು. ಡಾನ್ ಹೋಕ್ ಅದನ್ನು ಸಲೀಸಾಗಿ ಹಿಡಿದರು. ಸಮಯವೂ ಇತ್ತು. ಮೊದಲ ಬೇಸ್‌ಗೆ ಎಸೆದದ್ದು ಮಾತ್ರ ತಗ್ಗಾಯಿತು, ನೆಲಕ್ಕೆ ಬಡಿಯಿತು. ಅಲ್ಲಿ ನಿಂತಿದ್ದ ರಾಕಿ ನೆಲ್ಸನ್ ಕೈಗೆ ಸಿಗಲಿಲ್ಲ. ಎರರ್. ಪರ್ಫೆಕ್ಟ್ ಗೇಮ್ ಮುಗಿಯಿತು, 37ನೇ ಬ್ಯಾಟರ್ ಬೇಸ್ ಮೇಲಿದ್ದರು.

ಮ್ಯಾಥ್ಯೂಸ್ ಬಂದರು. ಆ ವರ್ಷ 46 ಹೋಮ್ ರನ್ ಹೊಡೆಯಲಿದ್ದ ಮನುಷ್ಯ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಸುಮ್ನೆ ಮುಂದೆ ತಟ್ಟಿದರು. ತಾವು ಔಟಾಗಿ ಮಾಂಟಿಯಾ ಎರಡನೇ ಬೇಸ್‌ಗೆ ಹೋಗಲಿ ಅಂತ. ಹ್ಯಾಡಿಕ್ಸ್ ಮೇಲೆ ಎದುರು ತಂಡಕ್ಕೆ ಎಷ್ಟು ಭಯ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮುಂದೆ ಆರನ್. ಪೈರೇಟ್ಸ್ ಅವರಿಗೆ ಬೇಕಂತಲೇ ವಾಕ್ ಕೊಟ್ಟರು. ಅದರಲ್ಲಿ ಲೆಕ್ಕಾಚಾರ ಇತ್ತು. ಮೊದಲ ಬೇಸ್ ಖಾಲಿ ಇತ್ತು, ಆರನ್ ಆಗ ಲೀಗ್‌ನ ಅತ್ಯುತ್ತಮ ಬ್ಯಾಟರ್, ಅವರ ರನ್‌ಗೆ ಬೆಲೆಯೂ ಇರಲಿಲ್ಲ. ಜೊತೆಗೆ ಹಿಂದೆ ಬರುವ ಆಡ್‌ಕಾಕ್ ನಿಧಾನಕ್ಕೆ ಓಡುವವರು, ನೆಲದ ಮೇಲೆ ಚೆಂಡು ಹೊಡೆದರೆ ಡಬಲ್ ಪ್ಲೇ ಆಗಿ ಇನಿಂಗ್ಸ್ ಮುಗಿಯುತ್ತಿತ್ತು.

ಆಡ್‌ಕಾಕ್‌ಗೆ ಎಸೆದ ಎರಡನೇ ಚೆಂಡು ಸ್ಲೈಡರ್, ಅಂದರೆ ಪಕ್ಕಕ್ಕೆ ಜಾರುವ ಚೆಂಡು. ಬೇಕಿದ್ದದ್ದಕ್ಕಿಂತ ಎತ್ತರಕ್ಕೆ ಬಂತು. ಆಡ್‌ಕಾಕ್ ಅದನ್ನು ಬಲಗಡೆ ಮಧ್ಯದ ಬೇಲಿಯಾಚೆ ಹಾರಿಸಿದರು. ಹಾಗೋ ಹೀಗೋ ದಾಟಿತು ಅಷ್ಟೇ. ಹ್ಯಾಡಿಕ್ಸ್ ಆ ರಾತ್ರಿ ಕೊಟ್ಟ ಮೊದಲ ಹಿಟ್, ಕೊನೆಯ ಹಿಟ್.

ಅಂದರೆ ಸೋಲಿಗೆ ಕಾರಣ ಹೋಕ್ ಅಲ್ವಾ?

ನಾನು ಒಪ್ಪುವುದಿಲ್ಲ. ಆ ಎಸೆತ ಸರಿ ಹೋಗಿದ್ದರೂ ಸ್ಕೋರ್ 0-0ನೇ. ಪೈರೇಟ್ಸ್ ರನ್ ಗಳಿಸದೆ ಹ್ಯಾಡಿಕ್ಸ್ ಗೆಲ್ಲುವ ದಾರಿಯೇ ಇರಲಿಲ್ಲ. ಅದೂ ಅಲ್ಲದೆ 36 ಔಟ್‌ಗಳಲ್ಲಿ ಹ್ಯಾಡಿಕ್ಸ್ ತಾವೊಬ್ಬರೇ ಸ್ಟ್ರೈಕ್‌ಔಟ್ ಮಾಡಿದ್ದು 8 ಮಾತ್ರ. ಉಳಿದ 28 ಔಟ್‌ಗಳಲ್ಲಿ ಫೀಲ್ಡರ್‌ಗಳ ಕೈ ಇದೆ, ಹೋಕ್ ಕೈಯೂ ಸೇರಿ. ಅಷ್ಟು ಸಲ ಸರಿಯಾಗಿ ನಡೆದ ಕೈಗಳನ್ನು ಒಂದು ಎಸೆತಕ್ಕೆ ಬೈಯುವುದು ನ್ಯಾಯ ಅಲ್ಲ. ಮರುವರ್ಷ ಇದೇ ಹೋಕ್ ಲೀಗ್‌ನ ಅತಿ ಮೌಲ್ಯಯುತ ಆಟಗಾರನ ಮತದಾನದಲ್ಲಿ ಎರಡನೇ ಸ್ಥಾನಕ್ಕೆ ಬಂದರು.

## ಸ್ಕೋರಿನ ಜಗಳ

ಒಬ್ಬರು 3-0 ಅಂತಾರೆ, ಇನ್ನೊಬ್ಬರು 2-0 ಅಂತಾರೆ, ನೀವು 1-0 ಅಂತೀರಿ. ಯಾವುದು ಸರಿ?

ಅಧಿಕೃತ ಫಲಿತಾಂಶ 1-0. ಆದರೆ ಮೂರೂ ಅಂಕಿಗಳು ಗಾಳಿಯಿಂದ ಬಂದದ್ದಲ್ಲ. ಒಂದೊಂದಕ್ಕೂ ಒಂದು ಗಳಿಗೆ ಇದೆ.

ಚೆಂಡು ಬೇಲಿ ದಾಟಿದ ಗಳಿಗೆಯಲ್ಲಿ ಅದು ಮೂರು ರನ್‌ಗಳ ಹೋಮ್ ರನ್. ಮಾಂಟಿಯಾ, ಆರನ್, ಆಡ್‌ಕಾಕ್, ಮೂವರೂ ಸುತ್ತಿ ಬಂದರೆ 3-0. ಆದರೆ ಬೇಲಿಯ ಹಿಂದೆ ಇನ್ನೊಂದು ಬೇಲಿ ಇತ್ತು. ಮೊದಲ ಬೇಸ್‌ನಿಂದ ಓಡುತ್ತಿದ್ದ ಆರನ್‌ಗೆ ಚೆಂಡು ಮೈದಾನದ ಒಳಗೇ ಬಿದ್ದ ಹಾಗೆ ಕಾಣಿಸಿತು. ಮಾಂಟಿಯಾ ಮನೆ ಬೇಸ್ ಮುಟ್ಟಿದರೆ ಪಂದ್ಯ ಮುಗಿಯಿತಲ್ಲ, ಇನ್ನೇನು ಓಡುವುದು ಅಂತ ಅವರು ಎರಡನೇ ಬೇಸ್ ಮುಟ್ಟಿ, ಮೂರನೆಯದಕ್ಕೆ ಹೋಗದೆ, ಮೈದಾನ ಅಡ್ಡ ದಾಟಿ ತಂಡದ ಕಟ್ಟೆ ಕಡೆ ನಡೆದರು. ಹಿಂದೆ ಆಡ್‌ಕಾಕ್ ತಮ್ಮ ಪಾಡಿಗೆ ತಾವು ಹೋಮ್ ರನ್ ಅಂತ ಓಡುತ್ತಾ ಆರನ್ ಅವರನ್ನು ದಾಟಿ ಮುಂದೆ ಹೋಗಿಬಿಟ್ಟರು.

ಬೇಸ್‌ಬಾಲ್‌ನಲ್ಲಿ ಮುಂದಿರುವ ಓಟಗಾರನನ್ನು ಹಿಂದಿನವನು ದಾಟಿದರೆ ಹಿಂದಿನವನು ಔಟ್. ತಂಡದವರು ಕೂಗಿ ಇಬ್ಬರನ್ನೂ ವಾಪಸ್ ಕಳಿಸಿದರು, ಬೇಸ್‌ಗಳನ್ನು ಸರಿಯಾಗಿ ಮುಟ್ಟಿಸಿದರು. ಆದರೆ ಅಂಪೈರ್‌ಗಳು ನೋಡಿದ್ದರು. ಆಡ್‌ಕಾಕ್ ಔಟ್, ಉಳಿದ ಇಬ್ಬರ ರನ್ ಸಲ್ಲುತ್ತದೆ ಅಂದರು. ಆ ರಾತ್ರಿ ಜನ ಮನೆಗೆ ಹೋದಾಗ ಸ್ಕೋರ್ 2-0.

ಮರುದಿನ ನ್ಯಾಷನಲ್ ಲೀಗ್ ಅಧ್ಯಕ್ಷ ವಾರನ್ ಗೈಲ್ಸ್ ತೀರ್ಮಾನ ಕೊಟ್ಟರು. ಆಡ್‌ಕಾಕ್ ಬೇಸ್‌ಗಳನ್ನು ಸುತ್ತಿ ಮುಗಿಸಲಿಲ್ಲ, ಮಧ್ಯದಲ್ಲೇ ಔಟ್. ಆದ್ದರಿಂದ ಅದು ಹೋಮ್ ರನ್ ಅಲ್ಲ, ಡಬಲ್, ಅಂದರೆ ಎರಡು ಬೇಸ್‌ನ ಹಿಟ್. ಹೋಮ್ ರನ್‌ನಿಂದ ಪಂದ್ಯ ಮುಗಿದರೆ ಮಾತ್ರ ಬೇಸ್ ಮೇಲಿರುವ ಎಲ್ಲರ ರನ್ನೂ ಲೆಕ್ಕಕ್ಕೆ ಬರುತ್ತದೆ. ಡಬಲ್ ಆದರೆ ಗೆಲುವಿನ ರನ್ ಬಂದ ಕೂಡಲೇ ಆಟ ನಿಂತ ಹಾಗೆ. ಮಾಂಟಿಯಾ ರನ್ ಒಂದೇ ಉಳಿಯಿತು. 1-0.

ಚೆಂಡು ಬೇಲಿ ದಾಟಿದ ಮೇಲೂ ಹೋಮ್ ರನ್ ಇಲ್ಲ ಅನ್ನೋದು ಅನ್ಯಾಯ ಅಲ್ವಾ?

2010ರ ಆಗಸ್ಟ್‌ನಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ 99ರಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ಗೆಲ್ಲಲು ಒಂದು ರನ್ ಬೇಕು. ಸೂರಜ್ ರಣದೀವ್ ನೋಬಾಲ್ ಎಸೆದರು, ಸೆಹ್ವಾಗ್ ಸಿಕ್ಸರ್ ಹೊಡೆದರು. ನೋಬಾಲಿನ ಒಂದು ರನ್‌ಗೇ ಪಂದ್ಯ ಮುಗಿದಿದ್ದರಿಂದ ಸಿಕ್ಸರ್ ಲೆಕ್ಕಕ್ಕೆ ಸಿಗಲಿಲ್ಲ. ಚೆಂಡು ಕಣ್ಣೆದುರೇ ಬೌಂಡರಿ ದಾಟಿತ್ತು, ಪುಸ್ತಕದಲ್ಲಿ ಮಾತ್ರ ಇಲ್ಲ. ಆಡ್‌ಕಾಕ್ ಹೊಡೆತಕ್ಕೂ ಹೀಗೇ ಆಯಿತು.

ಒಂದು ವ್ಯತ್ಯಾಸ ಇದೆ. ಸೆಹ್ವಾಗ್ ಕೈಯಿಂದ ಅದನ್ನು ಕಿತ್ತದ್ದು ಎದುರಾಳಿ. ಆಡ್‌ಕಾಕ್ ಕೈಯಿಂದ ಹೋದದ್ದು ಸ್ವಂತ ತಂಡದ ಗೆಳೆಯನ ಅವಸರದಿಂದ, ಮತ್ತು ತಾವು ಮುಂದೆ ನೋಡದೆ ಓಡಿದ್ದರಿಂದ. ಅವರು ಆಟ ಬಿಟ್ಟಾಗ ಹೋಮ್ ರನ್ ಲೆಕ್ಕ 336. ಆರನ್ 755ಕ್ಕೆ ಮುಟ್ಟಿದರು. ಗೈಲ್ಸ್ ತೀರ್ಮಾನ ನಿಯಮದ ಪ್ರಕಾರ ಸರಿ ಅಂತಲೇ ನನ್ನ ಅಭಿಪ್ರಾಯ. ನಿಜ ಹೇಳಬೇಕೆಂದರೆ, 13 ಇನಿಂಗ್ಸ್ ಒಬ್ಬರನ್ನೊಬ್ಬರು ಬಿಡದೆ ಹಿಡಿದಿದ್ದ ಇಬ್ಬರು ಪಿಚರ್‌ಗಳಿಗೆ 3-0 ಗಿಂತ 1-0 ಸ್ಕೋರೇ ಹೆಚ್ಚು ಒಪ್ಪುತ್ತದೆ.

ಆ ಒಂದು ರನ್ ಹ್ಯಾಡಿಕ್ಸ್ ತಪ್ಪು ಅಂತ ಲೆಕ್ಕವಾ?

ಇಲ್ಲ. ಮಾಂಟಿಯಾ ಬೇಸ್ ತಲುಪಿದ್ದು ಎರರ್‌ನಿಂದ. ಅಂಥ ರನ್ ಪಿಚರ್‌ನ ಸರಾಸರಿಗೆ ಸೇರುವುದಿಲ್ಲ. ಅಂಕಿಗಳಲ್ಲಿ ಆ ರಾತ್ರಿ ಹ್ಯಾಡಿಕ್ಸ್ ಹೀಗೆ ಕಾಣುತ್ತಾರೆ: 12 ಇನಿಂಗ್ಸ್ ಮತ್ತು ಮೇಲೆ ಎರಡು ಔಟ್, 1 ಹಿಟ್, 8 ಸ್ಟ್ರೈಕ್‌ಔಟ್, 1 ವಾಕ್ (ಅದೂ ಬೇಕಂತಲೇ), ಅವರ ತಪ್ಪಿನ ರನ್ 0. ಕೊನೆಯ ಆ ಎರಡು ಔಟ್‌ಗಳಲ್ಲಿ ಒಂದು ಆಡ್‌ಕಾಕ್ ಅವರದೇ. ಫಲಿತಾಂಶದ ಜಾಗದಲ್ಲಿ, ಸೋಲು.

## ಪಂದ್ಯದ ಆಚೆ

ಎಲ್ಲರೂ ಹ್ಯಾಡಿಕ್ಸ್ ಬಗ್ಗೆಯೇ ಹೇಳ್ತಾರೆ. ಗೆದ್ದ ಪಿಚರ್ ಕಥೆ ಏನು?

ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ. ಲೂ ಬರ್ಡೆಟ್ 13 ಇನಿಂಗ್ಸ್ ಪೂರ್ತಿ ಎಸೆದರು. ಹಿಟ್ 12, ವಾಕ್ 0, ರನ್ 0. ಹ್ಯಾಡಿಕ್ಸ್‌ಗೆ ಪ್ರತಿ ಇನಿಂಗ್ಸ್ ಸಲೀಸಾಗಿತ್ತು. ಬರ್ಡೆಟ್‌ಗೆ ಬಹುತೇಕ ಪ್ರತಿ ಇನಿಂಗ್ಸ್‌ನಲ್ಲೂ ಬೇಸ್ ಮೇಲೆ ಯಾರಾದರೂ ನಿಂತಿರುತ್ತಿದ್ದರು, ಒಂದು ತಪ್ಪಾದರೆ ಪಂದ್ಯ ಹೋಗುವ ಸ್ಥಿತಿ. ಆ ಒತ್ತಡದಲ್ಲಿ ಅಷ್ಟು ಹೊತ್ತು ಒಂದೂ ಪುಕ್ಕಟೆ ಬೇಸ್ ಕೊಡದೆ ನಿಲ್ಲುವುದು ಕಡಿಮೆ ಸಾಧನೆಯಲ್ಲ. ಅವರು ಹಾಗೆ ಹಿಡಿದು ನಿಲ್ಲದಿದ್ದರೆ ಪಂದ್ಯ 9ಕ್ಕೇ ಮುಗಿದು, ಹ್ಯಾಡಿಕ್ಸ್ ಪರ್ಫೆಕ್ಟ್ ಪಟ್ಟಿಯಲ್ಲಿ ಏಳನೇ ಹೆಸರಾಗಿ ಉಳಿಯುತ್ತಿದ್ದರು. 36 ಅನ್ನುವ ಅಂಕಿ ಹುಟ್ಟಿದ್ದೇ ಬರ್ಡೆಟ್‌ನಿಂದ.

ಅವರು ಯಾರೋ ಅದೃಷ್ಟವಂತರಲ್ಲ. 1957ರ ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೇಲೆ ಮೂರು ಪಂದ್ಯ ಗೆದ್ದವರು. 1959ರಲ್ಲಿ 21 ಗೆಲುವು. 1960ರ ಆಗಸ್ಟ್ 18ರಂದು ಫಿಲಡೆಲ್ಫಿಯಾ ಮೇಲೆ ತಾವೇ ನೋ-ಹಿಟ್ಟರ್ ಎಸೆದರು. ಆ ಸ್ಕೋರ್ ಕೂಡ 1-0. ಒಬ್ಬ ಬ್ಯಾಟರ್ ಮೈಗೆ ಚೆಂಡು ಬಡಿಯಿತು, ಇಲ್ಲದಿದ್ದರೆ ಪರ್ಫೆಕ್ಟ್. ಆ ಏಕೈಕ ರನ್ ಓಡಿದವರೂ ಅವರೇ.

ಆ ರಾತ್ರಿ ಅವರು ಹ್ಯಾಡಿಕ್ಸ್‌ಗೆ ಫೋನ್ ಮಾಡಿದ ಕಥೆ ಬೇಸ್‌ಬಾಲ್‌ನವರ ಬಾಯಲ್ಲಿ ಇವತ್ತಿಗೂ ಇದೆ. ಹಿಟ್‌ಗಳನ್ನು ನನ್ನ ಹಾಗೆ ಅಲ್ಲಲ್ಲಿ ಚೆಲ್ಲಿ ಕೊಡಬೇಕಿತ್ತು ಅಂತ ರೇಗಿಸಿದರಂತೆ. ಹ್ಯಾಡಿಕ್ಸ್ ಫೋನ್ ಇಟ್ಟರಂತೆ.

ಮಿಲ್ವಾಕಿಯವರು ಸನ್ನೆ ಕದೀತಿದ್ರು ಅಂತ ಓದಿದೆ. ಹೌದಾ?

ಅದನ್ನು ಹೇಳಿದವರು ಬ್ರೇವ್ಸ್‌ನವರೇ ಆದ ಪಿಚರ್ ಬಾಬ್ ಬ್ಯೂಲ್, ಪಂದ್ಯ ಆಗಿ ಮೂವತ್ತು ವರ್ಷದ ಮೇಲೆ. ಕ್ಯಾಚರ್ ಬರ್ಗೆಸ್ ದಪ್ಪಗಿದ್ದರು, ಪೂರ್ತಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಯಾವ ಚೆಂಡು ಎಸೆಯಬೇಕು ಅಂತ ಅವರು ಪಿಚರ್‌ಗೆ ತೋರಿಸುವ ಬೆರಳ ಸನ್ನೆ, ಬದಲಿ ಪಿಚರ್‌ಗಳು ಕೂರುವ ದೂರದ ಬುಲ್‌ಪೆನ್‌ಗೆ ದುರ್ಬೀನಿನಲ್ಲಿ ಕಾಣುತ್ತಿತ್ತು. ಅಲ್ಲಿಂದ ಟವೆಲ್ ಇಟ್ಟು ತೆಗೆದು ಬ್ಯಾಟರ್‌ಗೆ ಮುಂದಿನ ಚೆಂಡು ಯಾವುದು ಅಂತ ತಿಳಿಸುತ್ತಿದ್ದರು. ಆರನ್ ಒಬ್ಬರು ಮಾತ್ರ ಆ ಸಹಾಯ ಬೇಡ ಅಂದವರು.

ಇದನ್ನು ಓದಿದ ದಿನ ನನ್ನ ಕಣ್ಣಲ್ಲಿ ಹ್ಯಾಡಿಕ್ಸ್ ಇನ್ನೂ ಎತ್ತರಕ್ಕೆ ಹೋದರು. ಅವರು ಹೆಚ್ಚಾಗಿ ಎಸೆದದ್ದು ಎರಡೇ ಬಗೆ: ಫಾಸ್ಟ್‌ಬಾಲ್, ಸ್ಲೈಡರ್. ಬರುವುದು ಯಾವುದು ಅಂತ ಗೊತ್ತಿದ್ದೂ ಬ್ರೇವ್ಸ್‌ಗೆ 12 ಇನಿಂಗ್ಸ್ ಏನೂ ಮಾಡಲಾಗಲಿಲ್ಲ.

ಒಂದು ಪಂದ್ಯ ತಾನೆ? ಆ ವರ್ಷದ ಪಟ್ಟಿಯಲ್ಲಿ ಅದರಿಂದ ಏನಾದ್ರೂ ಆಯ್ತಾ?

ಆಯಿತು. 154 ಪಂದ್ಯ ಮುಗಿದಾಗ ಮಿಲ್ವಾಕಿ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ಇಬ್ಬರೂ 86 ಗೆಲುವು, 68 ಸೋಲಿನಲ್ಲಿ ಸಮ. ಮೇ 26ರ ಆ ಗೆಲುವು ಇಲ್ಲದಿದ್ದರೆ ಬ್ರೇವ್ಸ್ ಒಂದು ಪಂದ್ಯ ಹಿಂದೆ ಉಳಿದು, ಸಮ ಆಗುತ್ತಲೇ ಇರಲಿಲ್ಲ. ಮೂರು ಪಂದ್ಯದ ಪ್ಲೇಆಫ್ ಇಟ್ಟರು, ಡಾಡ್ಜರ್ಸ್ ಎರಡನ್ನೂ ಗೆದ್ದು ಮುಂದೆ ಹೋಯಿತು. ಪೈರೇಟ್ಸ್ 78-76ರೊಂದಿಗೆ ನಾಲ್ಕನೇ ಸ್ಥಾನ. ಹ್ಯಾಡಿಕ್ಸ್ ಆ ವರ್ಷ 12 ಗೆದ್ದು 12 ಸೋತರು.

1991ರಲ್ಲಿ ಅವರ ದಾಖಲೆಯನ್ನೇ ಅಳಿಸಿದರಂತೆ?

ಪೂರ್ತಿ ಅಳಿಸಲಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ, ಫೇ ವಿನ್ಸೆಂಟ್ ಕಮಿಷನರ್ ಆಗಿದ್ದಾಗ, ಅಂಕಿಅಂಶದ ಸಮಿತಿ ಹೊಸ ವ್ಯಾಖ್ಯೆ ಮಾಡಿತು. ಪಂದ್ಯ ಕನಿಷ್ಠ 9 ಇನಿಂಗ್ಸ್ ಆಗಿರಬೇಕು, ಮತ್ತು ಮುಗಿಯುವವರೆಗೂ ಹಿಟ್ ಬಂದಿರಬಾರದು. ಹಾಗಿದ್ದರೆ ಮಾತ್ರ ನೋ-ಹಿಟ್ಟರ್. ಹಳೆಯ ಪಟ್ಟಿಯಿಂದ 50 ಪಂದ್ಯಗಳು ಒಟ್ಟಿಗೆ ಹೊರಗೆ ಹೋದವು, ಅದರಲ್ಲಿ ಇದೂ ಒಂದು. ಒಂದೇ ಪಂದ್ಯದಲ್ಲಿ 36 ಜನರನ್ನು ಸಾಲಾಗಿ ಔಟ್ ಮಾಡಿದ ದಾಖಲೆ ಹಾಗೆಯೇ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ಮಳೆಯಿಂದ ಐದಾರು ಇನಿಂಗ್ಸ್‌ಗೆ ನಿಂತ ಪಂದ್ಯವನ್ನು ನೋ-ಹಿಟ್ಟರ್ ಅನ್ನಬಾರದು ಅನ್ನುವುದು ನನಗೆ ಒಪ್ಪಿಗೆ. ಅದೇ ತಕ್ಕಡಿಯಲ್ಲಿ 12 ಇನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದವರನ್ನೂ ತೂಗಿದ್ದು ಮನಸ್ಸಿಗೆ ಹಿತವಲ್ಲ. ಹ್ಯಾಡಿಕ್ಸ್ ಆಗ ಬದುಕಿದ್ದರು. ಪರವಾಗಿಲ್ಲ, ನಾನೇನು ಮಾಡಿದೆ ಅಂತ ನನಗೆ ಗೊತ್ತು ಅಂದರು. 1994ರ ಜನವರಿಯಲ್ಲಿ ತೀರಿಕೊಂಡರು.

ನ್ಯಾಷನಲ್ ಲೀಗ್ ಅವರಿಗೆ ಈ ಪಂದ್ಯಕ್ಕಾಗಿ 12 ಬೆಳ್ಳಿ ಲೋಟಗಳನ್ನು ಕೊಟ್ಟಿತ್ತು. ಇನಿಂಗ್ಸ್‌ಗೆ ಒಂದರಂತೆ.

ಪಾಪ, ಆಮೇಲಾದರೂ ಅವರಿಗೆ ಒಳ್ಳೆಯದಾಯ್ತಾ?

ಆಯಿತು, ಅದೂ ಮರುವರ್ಷವೇ. 1960ರಲ್ಲಿ ಪೈರೇಟ್ಸ್ ವರ್ಲ್ಡ್ ಸೀರೀಸ್‌ಗೆ ಹೋಯಿತು, ಎದುರಿಗೆ ಯಾಂಕೀಸ್. ಐದನೇ ಪಂದ್ಯ ಗೆದ್ದುಕೊಟ್ಟವರು ಹ್ಯಾಡಿಕ್ಸ್. ಅಕ್ಟೋಬರ್ 13ರ ಏಳನೇ ಪಂದ್ಯದಲ್ಲಿ ಸ್ಕೋರ್ 9-9 ಆದಾಗ ಪಿಚರ್ ಜಾಗದಲ್ಲಿದ್ದವರೂ ಅವರೇ. 9ನೇ ಇನಿಂಗ್ಸ್‌ನ ಕೊನೆಯಲ್ಲಿ ಬಿಲ್ ಮ್ಯಾಜೆರೋಸ್ಕಿ ಹೊಡೆದ ಹೋಮ್ ರನ್‌ನಿಂದ ಪಿಟ್ಸ್‌ಬರ್ಗ್ 10-9ಕ್ಕೆ ಗೆದ್ದು ಚಾಂಪಿಯನ್ ಆಯಿತು. ಗೆದ್ದ ಪಿಚರ್ ಅಂತ ಬರೆದ ಹೆಸರು ಹಾರ್ವಿ ಹ್ಯಾಡಿಕ್ಸ್. ಮಿಲ್ವಾಕಿಯ ಆ ರಾತ್ರಿ ಎರಡನೇ ಬೇಸ್‌ನಲ್ಲಿ ನಿಂತು ಅವರಿಗೆ ಒಂದು ರನ್ ಕೂಡ ತಂದುಕೊಡಲಾಗದೆ ಹೋದವರು ಇದೇ ಮ್ಯಾಜೆರೋಸ್ಕಿ.

ಇಂಥದ್ದು ಮತ್ತೆ ಯಾರಿಗಾದರೂ ಆಗಿದೆಯಾ?

ಹತ್ತಿರ ಬಂದವರಿದ್ದಾರೆ. 1995ರ ಜೂನ್ 3ರಂದು ಮಾಂಟ್ರಿಯಲ್ ತಂಡದ ಪೆಡ್ರೊ ಮಾರ್ಟಿನೆಜ್ ಸ್ಯಾನ್ ಡಿಯಾಗೊದಲ್ಲಿ 9 ಇನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದರು. 10ರಲ್ಲಿ ಮೊದಲ ಬ್ಯಾಟರ್ ಡಬಲ್ ಹೊಡೆದರು. ಆದರೆ ಅವರ ತಂಡ ಆಗಲೇ ಒಂದು ರನ್ ಗಳಿಸಿತ್ತು, 1-0ಕ್ಕೆ ಗೆದ್ದಿತು.

ಹ್ಯಾಡಿಕ್ಸ್ ಕಥೆಗೆ ನಿಜವಾಗಿ ಸಮೀಪದ್ದು 2017ರ ಆಗಸ್ಟ್ 23ರ ಪಂದ್ಯ, ನಡೆದದ್ದೂ ಪಿಟ್ಸ್‌ಬರ್ಗ್‌ನಲ್ಲೇ. ಡಾಡ್ಜರ್ಸ್‌ನ ಎಡಗೈ ಪಿಚರ್ ರಿಚ್ ಹಿಲ್ 8 ಇನಿಂಗ್ಸ್ ಪರ್ಫೆಕ್ಟ್. 9ರಲ್ಲಿ ಮೂರನೇ ಬೇಸ್‌ನ ಫೀಲ್ಡರ್ ಎರರ್ ಮಾಡಿದರು. ಅವರ ತಂಡವೂ ರನ್ ಗಳಿಸಲಿಲ್ಲ. 10ರಲ್ಲಿ ಜಾಶ್ ಹ್ಯಾರಿಸನ್ ಹೋಮ್ ರನ್ ಹೊಡೆದರು, 1-0. ಈ ಸಲ ಗೆದ್ದದ್ದು ಪೈರೇಟ್ಸ್.

ಇವತ್ತಿನ ನಿಯಮದಲ್ಲಿ ಅದೇ ಪಂದ್ಯ ನಡೆದಿದ್ದರೆ ಫಲಿತಾಂಶ ಏನಾಗ್ತಿತ್ತು?

13ರವರೆಗೆ ಹೋಗುವುದು ಕಷ್ಟವಿತ್ತು. 2020ರಿಂದ ಲೀಗ್ ಪಂದ್ಯಗಳಲ್ಲಿ 10ನೇ ಇನಿಂಗ್ಸ್‌ನಿಂದ ಪ್ರತಿ ಸರದಿಗೂ ಎರಡನೇ ಬೇಸ್ ಮೇಲೆ ಒಬ್ಬ ಓಟಗಾರನನ್ನು ಮೊದಲೇ ನಿಲ್ಲಿಸುತ್ತಾರೆ. ಅವನು ತಾನಾಗಿ ಬೇಸ್ ಗಳಿಸಿದವನಲ್ಲ, ಹಾಗಾಗಿ ಅವನಿಂದ ಪರ್ಫೆಕ್ಟ್ ಗೇಮ್ ಕೆಡುವುದಿಲ್ಲ. ಆದರೆ ಒಂದು ಬಂಟ್ (ಮ್ಯಾಥ್ಯೂಸ್ ಹಾಗೆ ಚೆಂಡನ್ನು ಸುಮ್ನೆ ತಟ್ಟುವುದು), ಒಂದು ಎತ್ತರದ ಕ್ಯಾಚು, ಅಷ್ಟಕ್ಕೇ ಅವನು ಮನೆಗೆ ಬರುತ್ತಾನೆ. ಒಂದೂ ಹಿಟ್ ಕೊಡದೆ, ಒಬ್ಬರನ್ನೂ ಬೇಸ್‌ಗೆ ಬಿಡದೆ ಪಿಚರ್ ಸೋಲಬಹುದು. ಈಗಿನ ತಂಡಗಳು ಪಿಚರ್ ಒಬ್ಬನನ್ನು 100 ಎಸೆತದ ಆಸುಪಾಸಿನಲ್ಲಿ ಹೊರಗೆ ಕರೆಯುತ್ತವೆ ಅನ್ನುವುದು ಬೇರೆ ಮಾತು.

ಮೊದಲು ಪರೀಕ್ಷೆ ಮಾತ್ರ ಬರ್ಡೆಟ್‌ಗೆ, ಯಾಕೆಂದರೆ ಮೊದಲು ಬ್ಯಾಟ್ ಮಾಡುವುದು ಪೈರೇಟ್ಸ್. 12 ಸಿಂಗಲ್ ಹೊಡೆದ ತಂಡ ಅದು. ಎರಡನೇ ಬೇಸ್ ಮೇಲೆ ಒಬ್ಬ ಕಾದು ನಿಂತಿದ್ದರೆ ಅದರಲ್ಲಿ ಒಂದು ಸಿಂಗಲ್ ಸರಿಯಾದ ಹೊತ್ತಿಗೆ ಬಿದ್ದರೂ ರನ್ ಬರುತ್ತಿತ್ತು. ಆಗ 10ನೇ ಇನಿಂಗ್ಸ್‌ನ ಕೊನೆಗೆ ಹ್ಯಾಡಿಕ್ಸ್‌ಗೆ ಬೇಕಿದ್ದದ್ದು ಇನ್ನು ಮೂರು ಔಟ್.